ಕಡಲಂಚಿನ ಹಾಳು ಗಣಿಗಳು

ಇಂಗ್ಲೆಂಡಿನ ಭೂಪಟವನ್ನು ಎದುರಿಗೆ ಹರಡಿಕೊಂಡು ನೋಡಿದರೆ, ಅದರ ನೈರುತ್ಯ ಮೂಲೆಯಲ್ಲಿ ಭೂಮಿಯು ಅಟ್ಲಾಂಟಿಕ್ ಮಹಾಸಾಗರದೊಳಕ್ಕೆ ಕಾಲು ನೀಡಿಕೊಂಡು ಕುಳಿತಂತೆ ತೋರುತ್ತದೆ. ಕಾರ್ನ್‌ವಾಲ್ ಎಂಬ ಪ್ರಾಂತವೇ ಆ ಕಾಲು. ಅದರ ಹೆಬ್ಬೆರಳಿನ ತುದಿಯನ್ನು ಅಲ್ಲಿಯವರು 'ಲ್ಯಾಂಡ್ಸ್ ಎಂಡ್', ಎಂದರೆ ನೆಲದ ಕೊನೆ, ಎಂದು ಕರೆಯುತ್ತಾರೆ. ಅಲ್ಲಿಂದ ಉತ್ತರಕ್ಕೆ ಕೆಲವು ಮೈಲಿ ನಡೆದರೆ ಸೇಂಟ್ ಜಸ್ಟ್ ಎಂಬ ಊರಿನ ಎಲ್ಲೆಗೆ ಸೇರಿದ ಬೊಟಾಲಕ್ ಎಂಬ ಸ್ಥಳ ಸಿಕ್ಕುತ್ತದೆ. ಕುರುಚಲು ಗಿಡಗಳ ಬಯಲು ಅಲ್ಲಿ ಥಟ್ಟನೆ ಮುಗಿದು ಕಡಿದಾದ ಬಂಡೆಗಳಾಗಿ ಸಮುದ್ರಕ್ಕೆ ಇಳಿಯುತ್ತದೆ. ಆ ಬಂಡೆಗಳ ನಡುವೆ, ಅಲೆಯ ತುಂತುರು ಎರಚುವಷ್ಟು ಸಮೀಪದಲ್ಲಿ, ಕಲ್ಲಿನ ಎರಡು ಕಟ್ಟಡಗಳು ಮೇಲೊಂದು ಕೆಳಗೊಂದಾಗಿ ನಿಂತಿವೆ. ಸೂರು ಇಲ್ಲ, ಬಾಗಿಲಿಲ್ಲ. ಪಕ್ಕದಲ್ಲಿ ಒಂದೊಂದು ಹೊಗೆಗೂಡು. ದೂರದಿಂದ ನೋಡಿದವರು ಅವನ್ನು ಯಾವುದೋ ಪಾಳೆಯಗಾರನ ಕೋಟೆಯೆಂದೋ ಸನ್ಯಾಸಿಗಳ ಮಠವೆಂದೋ ತಿಳಿದಾರು. ಅವು ಕೋಟೆಯೂ ಅಲ್ಲ, ಮಠವೂ ಅಲ್ಲ. ತವರವನ್ನೂ ತಾಮ್ರವನ್ನೂ ತೆಗೆಯುತ್ತಿದ್ದ ಗಣಿಯ ಎಂಜಿನ್ ಮನೆಗಳು.

ಇಂಥ ಹಾಳುಗಳನ್ನು ನೋಡುವುದಕ್ಕೆ ಜನರಿಗೆ ಎಷ್ಟರ ಮಟ್ಟಿಗೆ ಅವಕಾಶವಿರಬೇಕು, ಅವು ನಿಂತಿರುವ ನೆಲವು ಯಾರ ಸ್ವತ್ತು, ಅಲ್ಲಿಗೆ ಹೋದವನು ಕಾಲು ಜಾರಿ ಬಿದ್ದರೆ ಹೊಣೆ ಯಾರದು ಎಂಬುದೇ ಈ ಹೊತ್ತಿನ ವಿಷಯ. ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆಯಂತೆ ಕಾಣಬಹುದು. ಆದರೆ ಇದಕ್ಕೆ ಕೊಡುವ ಉತ್ತರವನ್ನು ಅನುಸರಿಸಿ ಒಂದು ದೇಶವು ತನ್ನ ದುಡಿದ ಜನರ ನೆನಪನ್ನು ಬೇಲಿಯೊಳಗಿಡುವುದೋ ಬಯಲಿನಲ್ಲಿಡುವುದೋ ನಿರ್ಧಾರವಾಗುತ್ತದೆ.

ಮೊದಲು ಆ ಗಣಿಗಳು ಕಡಲಂಚಿಗೆ ಏಕೆ ಬಂದವೆಂಬುದನ್ನು ಹೇಳಬೇಕು. ಕಾರ್ನ್‌ವಾಲಿನ ಈ ಭಾಗದಲ್ಲಿ ಅದುರಿನ ಎಳೆಗಳು ನೆಲದಲ್ಲಿ ಹಾಯ್ದು ಬಂದು ಕಡಲ ಬಂಡೆಗಳಲ್ಲಿ ಬಾಯಿ ತೆರೆದುಕೊಂಡು, ಅಲ್ಲಿಂದ ಸಮುದ್ರದ ಅಡಿಗೆ ಮುಂದುವರಿಯುತ್ತವೆ. ಎಳೆಯನ್ನು ಹಿಡಿದು ಹೊರಟ ಗಣಿಗಾರನು ಸಮುದ್ರ ಬಂದಿತೆಂದು ನಿಲ್ಲಲಿಲ್ಲ. ಅದರ ತಳವನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ಅಗೆದನು. ಬೊಟಾಲಕ್ ಗಣಿ ಹೀಗೆ ಕಡಲಿನ ಕೆಳಗೆ ಬಹುದೂರ ಹೋಯಿತು. ನೆರೆಯ ಲೆವಂಟ್ ಗಣಿ ಒಂದು ಮೈಲಿಗೂ ಮಿಕ್ಕು ಹೋಯಿತು. ೧೮೫೦ರಲ್ಲಿ ವಿಲ್ಕಿ ಕಾಲಿನ್ಸ್ ಎಂಬ ಕಾದಂಬರಿಕಾರನು ಬೊಟಾಲಕ್ ಗಣಿಯೊಳಕ್ಕೆ ಇಳಿದು, ತನ್ನ ತಲೆಯ ಮೇಲಿನ ಬಂಡೆಯಾಚೆ ಸಮುದ್ರವು ಮೊರೆಯುವುದನ್ನು ಕಿವಿಯಾರೆ ಕೇಳಿ ಬಂದು, ಅದನ್ನು ಮರುವರ್ಷ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ವರ್ಣಿಸಿದನು. ಅಲ್ಲಿ ಗಣಿಯ ಆಳವನ್ನು ಅಳೆಯುತ್ತಿದ್ದುದು ನಾವಿಕರ ಅಳತೆಯಿಂದ. ನಮ್ಮ ಬಾವಿ ತೋಡುವವರು ಎರಡು ಕೈಗಳನ್ನು ಚಾಚಿ ಹಗ್ಗ ಅಳೆದು 'ಮಾರು' ಎನ್ನುವುದಿಲ್ಲವೆ, ಹೆಚ್ಚು ಕಡಮೆ ಅದೇ ಅಳತೆ. ಆರು ಅಡಿಗೆ ಒಂದು ಮಾರು.

ನಾನು ಹೇಳಿದ ಎರಡು ಮನೆಗಳಲ್ಲಿ ಕೆಳಗಿನದು ೧೮೩೫ರ ಸುಮಾರಿನದು, ನೀರೆತ್ತುವ ಯಂತ್ರದ್ದು. ಮೇಲಿನದು ಅದುರನ್ನು ಎತ್ತುವ ಯಂತ್ರದ್ದು. ಸಮುದ್ರದ ಅಡಿಯ ಅದುರನ್ನು ತೆಗೆಯಲೆಂದು ೧೮೫೮ರಿಂದ ಮುಂದೆ ಓರೆಯಾದ ಒಂದು ಶಾಫ್ಟನ್ನು ಕೊರೆದರು. ಅದರೊಳಗೆ ಹಳಿಗಳ ಮೇಲೆ ಸರಪಣಿ ಕಟ್ಟಿದ ಬಂಡಿ ಇಳಿಯುತ್ತಿತ್ತು. ೧೮೬೩ರಲ್ಲಿ ಆ ಸರಪಣಿ ಕಿತ್ತು ಬಂಡಿಯಲ್ಲಿದ್ದ ಎಂಟು ಜನ ಗಂಡಸರೂ ಒಬ್ಬ ಹುಡುಗನೂ ಸತ್ತರು. ಎರಡು ವರ್ಷಗಳ ಮೇಲೆ, ೧೮೬೫ರಲ್ಲಿ, ವಿಕ್ಟೋರಿಯಾ ರಾಣಿಯ ಹಿರಿಯ ಮಗನೂ ಸೊಸೆಯೂ ಅದೇ ಶಾಫ್ಟಿನಲ್ಲಿ ಇಳಿದು ಗಣಿಯನ್ನು ನೋಡಿ ಬಂದರು. ಆಮೇಲೆ ಬೊಟಾಲಕ್ ನೋಡಲು ಬರುವುದು ಒಂದು ಷೋಕಿಯಾಯಿತು. ಗಣಿಯನ್ನು ವಿನೋದಕ್ಕಾಗಿ ನೋಡುವ ಪದ್ಧತಿ ಗಣಿ ಹಾಳಾದ ಮೇಲೆ ಹುಟ್ಟಿದ್ದಲ್ಲ, ಅದು ನಡೆಯುತ್ತಿದ್ದಾಗಲೇ ಇತ್ತೆಂಬುದನ್ನು ಇಲ್ಲಿ ನೆನಪಿಡಬೇಕು.

ಗಣಿಯ ಉಳಿದ ಕಟ್ಟಡಗಳೆಲ್ಲ ಬಿದ್ದು ಹೋಗಿ ಎಂಜಿನ್ ಮನೆಗಳು ಮಾತ್ರ ಏಕೆ ನಿಂತಿವೆ? ಕಾರ್ನ್‌ವಾಲಿನ ಉಗಿಯಂತ್ರವನ್ನು ತಿಳಿಯಲು ನಮ್ಮ ತೋಟದ ಏತವನ್ನು ಜ್ಞಾಪಿಸಿಕೊಂಡರೆ ಸಾಕು. ನಡುವೆ ಆನಿಕೆಯ ಮೇಲೆ ತೂಗುವ ಉದ್ದನೆಯ ತೊಲೆ. ಒಂದು ತುದಿಯಲ್ಲಿ ಏತದ ಮೇಲೆ ನಡೆಯುವ ಆಳಿನ ಬದಲು ಉಗಿಯ ಕೊಂತ. ಇನ್ನೊಂದು ತುದಿಯಲ್ಲಿ ಶಾಫ್ಟಿನೊಳಕ್ಕೆ ಇಳಿಬಿಟ್ಟ ಪಂಪಿನ ದಂಡ. ಹಲವು ಟನ್ ತೂಕದ ಈ ಎರಕದ ಕಬ್ಬಿಣದ ತೊಲೆ ಹಗಲಿರುಳು ತೂಗುವಾಗ ಅದನ್ನು ಹೊತ್ತು ನಿಲ್ಲುತ್ತಿದ್ದುದು ಆ ಮನೆಯ ಮುಂಗೋಡೆ. ಆದಕಾರಣ ಕಟ್ಟಡವು ಯಂತ್ರಕ್ಕೆ ಹೊದಿಸಿದ ಹೊದಿಕೆಯಲ್ಲ, ಯಂತ್ರದ ಒಂದು ಅಂಗವೇ ಆಗಿತ್ತು. ಗಣಿ ಮುಚ್ಚಿದಾಗ ಯಂತ್ರವನ್ನು ಬಿಚ್ಚಿ ಮಾರಿದರು, ಸೂರಿನ ಮರವನ್ನು ಕಿತ್ತು ಒಯ್ದರು. ಆ ದಪ್ಪ ಗೋಡೆಯನ್ನು ಮಾತ್ರ ಯಾರಿಗೂ ಒಯ್ಯಲಾಗಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಲೋಕಕ್ಕೆ ಬೇಕಾದ ತಾಮ್ರದ ಮೂರರಲ್ಲಿ ಎರಡು ಪಾಲು ಈ ಸೀಮೆಯಿಂದಲೇ ಹೋಗುತ್ತಿತ್ತು. ೧೮೬೦ರ ದಶಕದಲ್ಲಿ ತಾಮ್ರದ ಬೆಲೆ ಕುಸಿಯಿತು. ಬಳಿಕ ಹೊರದೇಶಗಳ ತವರ ಬಂದು ಇಲ್ಲಿಯ ತವರವನ್ನೂ ಹೊಡೆಯಿತು. ಗಣಿಗಾರರು ಗುಂಪು ಗುಂಪಾಗಿ ಊರು ಬಿಟ್ಟರು. ಆಸ್ಟ್ರೇಲಿಯಾ, ಮೆಕ್ಸಿಕೋ, ದಕ್ಷಿಣ ಆಫ್ರಿಕಾಗಳಿಗೆ ಹೋದಂತೆಯೇ ಅವರು ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದರು. ೧೮೮೦ರ ದಶಕದಲ್ಲಿ ಆ ಗಣಿಗಳ ಆಡಳಿತವನ್ನು ವಹಿಸಿಕೊಂಡ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಗೆ ಕಾರ್ನ್‌ವಾಲಿನ ಗಣಿಗಳ ಜೊತೆಗೂ ಹಳೆಯ ನಂಟು. ಅಲ್ಲಿ ಪಳಗಿದ ಮೇಲಾಳುಗಳನ್ನೇ ಅದು ಇಲ್ಲಿಗೆ ಕರೆಸಿತು. ಆ ಸೀಮೆಯಲ್ಲಿ ಗಣಿಯ ಮೇಲಾಳನ್ನು 'ಕ್ಯಾಪ್ಟನ್' ಎನ್ನುವುದು ರೂಢಿ. ಹಡಗಿಗೂ ಅದಕ್ಕೂ ಸಂಬಂಧವಿಲ್ಲ. ಬೊಟಾಲಕ್ಕಿನ ಗೋಡೆಗಳನ್ನು ನಾವು ತೀರ ಪರಕೀಯವೆಂದು ಭಾವಿಸಬೇಕಾಗಿಲ್ಲವೆಂಬುದಕ್ಕಾಗಿ ಇಷ್ಟನ್ನು ಹೇಳಿದೆ.

ಇನ್ನು ನೆಲದ ಒಡೆತನದ ಮಾತು. ೧೮೯೫ರಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯೂ, ರಾಬರ್ಟ್ ಹಂಟರ್ ಎಂಬ ನ್ಯಾಯವಾದಿಯೂ, ರಾನ್ಸ್‌ಲಿ ಎಂಬ ಪಾದ್ರಿಯೂ ಸೇರಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇದು ಸರ್ಕಾರದ ಇಲಾಖೆಯಲ್ಲ. ಜನರ ಕಾಣಿಕೆಯಿಂದಲೂ ಸದಸ್ಯರ ಚಂದಾದಿಂದಲೂ ನಡೆಯುವ ಧರ್ಮಸಂಸ್ಥೆ. ಅದಕ್ಕೆ ಮೊಟ್ಟಮೊದಲು ದಾನವಾಗಿ ಬಂದದ್ದೂ ಕಡಲಿಗೆ ಎದುರಾದ ನೆಲವೇ: ವೇಲ್ಸಿನ ಬಾರ್ಮತ್ ಪಟ್ಟಣದ ಮೇಲಿನ ಒಂದು ಗುಡ್ಡ. ೧೯೦೭ರ ಶಾಸನವು ಈ ಸಂಸ್ಥೆಗೆ ಒಂದು ಅಪೂರ್ವವಾದ ಅಧಿಕಾರವನ್ನು ಕೊಟ್ಟಿತು. ತನ್ನ ನೆಲವನ್ನು 'ಪರಭಾರೆಗೆ ಒಳಗಾಗದ್ದು' ಎಂದು ಅದು ಸಾರಿಬಿಟ್ಟರೆ, ಆಮೇಲೆ ಆ ನೆಲವನ್ನು ಸಂಸ್ಥೆಯೇ ಮನಸ್ಸು ಮಾಡಿದರೂ ಮಾರುವಂತಿಲ್ಲ, ಅಡವಿಡುವಂತಿಲ್ಲ. ನಮ್ಮ ದೇವಸ್ಥಾನದ ಉಂಬಳಿಯ ಹಾಗೆ ಎನ್ನೋಣವೆಂದರೆ, ಉಂಬಳಿಗಳು ಎಷ್ಟೋ ಕಡೆ ಕರಗಿ ಹೋದದ್ದನ್ನು ನಾವು ಬಲ್ಲೆವು; ಇದು ಅದಕ್ಕಿಂತ ಭದ್ರವಾದದ್ದು.

೧೯೬೫ರಲ್ಲಿ ಈ ಸಂಸ್ಥೆಯು ವರುಣನಿಗೆ ಸಮಾನನಾದ ನೆಪ್ಚೂನ್ ದೇವತೆಯ ಹೆಸರಿನಲ್ಲಿ ಒಂದು ಚಂದಾ ಎತ್ತಿ, ಕಟ್ಟಡಗಳ ಹಾವಳಿಗೆ ಸಿಕ್ಕದ ಕಡಲತೀರವನ್ನು ಕೊಳ್ಳತೊಡಗಿತು. ಆಗ ಅವರ ಮನಸ್ಸಿನಲ್ಲಿದ್ದುದು ಮನುಷ್ಯನ ಕೈ ತಾಗದ ತೀರ. ಆದರೆ ಕೊಂಡ ನೆಲದ ಜೊತೆಗೆ ಶಾಫ್ಟುಗಳೂ ಕಸದ ದಿಬ್ಬಗಳೂ ಹೊಗೆಗೂಡುಗಳೂ ಬಂದವು. ಇವು ಚೆಲುವಿಗೆ ಕಳಂಕವೋ, ಅಥವಾ ಇವೇ ಚೆಲುವಿನ ಒಂದು ಭಾಗವೋ? ಒಂದೊಂದು ಕಡೆ ಒಂದೊಂದು ಉತ್ತರ ಬಂದಿತು. ೧೯೮೦ರ ದಶಕದ ಕೊನೆಯಲ್ಲಿ ಡರ್‌ಹ್ಯಾಮ್ ಪ್ರಾಂತದ ಹಾರ್ಡನ್ ಎಂಬಲ್ಲಿ, ಕಲ್ಲಿದ್ದಲಿನ ಕಸದಿಂದ ಮಸಿಯಂತೆ ಕಪ್ಪಾಗಿದ್ದ ಒಂದು ಮೈಲಿ ತೀರವನ್ನು ಸಂಸ್ಥೆಯು ಒಂದೇ ಒಂದು ಪೌಂಡಿಗೆ ಕೊಂಡಿತು. ಮುಂದೆ ಡರ್‌ಹ್ಯಾಮಿನ ಆ ಕರಾವಳಿಯಲ್ಲಿ ಗಣಿಯ ಗುರುತುಗಳನ್ನು ಬಹುಮಟ್ಟಿಗೆ ತೆಗೆದು ಹಾಕಿದರು. ಕಾರ್ನ್‌ವಾಲಿನಲ್ಲಿ ಇದಕ್ಕೆ ವಿರುದ್ಧವಾಗಿ ಗುರುತುಗಳನ್ನೇ ಕಾಪಾಡಿದರು. ೨೦೦೬ರಲ್ಲಿ ಯುನೆಸ್ಕೋ ಸಂಸ್ಥೆಯು ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್ನಿನ ಗಣಿಸೀಮೆಯ ಹತ್ತು ಪ್ರದೇಶಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸೇಂಟ್ ಜಸ್ಟ್ ಅವುಗಳಲ್ಲೊಂದು. ಮೂವತ್ತು ನಲವತ್ತು ವರ್ಷಗಳ ಅಂತರದಲ್ಲಿ ಕಳಂಕವು ಭೂಷಣವಾಯಿತು.

ಇದಕ್ಕೂ ಮುಂಚೆಯೇ ಇದರ ಬೆಲೆಯನ್ನು ಕಂಡವರು ಕೆಲವರಿದ್ದರು. ಲೆವಂಟ್ ಗಣಿ ೧೯೩೦ರಲ್ಲಿ ಮುಚ್ಚಿತು. ೧೮೪೦ರಲ್ಲಿ ಮಾಡಿದ ಅಲ್ಲಿಯ ಅದುರೆತ್ತುವ ಯಂತ್ರ ಗುಜರಿಗೆ ಹೋಗುವುದರಲ್ಲಿತ್ತು. ಸ್ಥಳದ ಜನ ೧೯೩೫ರಲ್ಲಿ ಒಂದು ಸಮಿತಿಯನ್ನು ಕಟ್ಟಿಕೊಂಡು ಅದನ್ನು ಉಳಿಸಿದರು. ಸಮುದ್ರದ ಉಪ್ಪುಗಾಳಿಯಲ್ಲಿ ಅದು ಹಾಗೆಯೇ ಅರ್ಧ ಶತಮಾನ ತುಕ್ಕು ಹಿಡಿಯುತ್ತ ನಿಂತಿತು. ೧೯೮೪ರಿಂದ ಮುಂದೆ ಕೂಲಿ ಇಲ್ಲದೆ ದುಡಿದ ಒಂದು ತಂಡ ಅದನ್ನು ಒಂದೊಂದು ತಿರುಪಾಗಿ ಬಿಚ್ಚಿ, ಉಜ್ಜಿ, ಕೂಡಿಸಿತು. ತಮ್ಮನ್ನು ತಾವೇ 'ಜಿಡ್ಡಿನ ತಂಡ' ಎಂದು ಕರೆದುಕೊಂಡಿತು. ೧೯೯೦ರ ದಶಕದ ಆರಂಭದಲ್ಲಿ ಆ ಯಂತ್ರ ಉಗಿಯ ಬಲದಿಂದ ಮತ್ತೆ ತಿರುಗಿತು. ಗೋಡೆಗಳನ್ನು ನೋಡಿ ಗಣಿಯನ್ನು ಊಹಿಸುವುದು ಬೇರೆ, ತೊಲೆ ತೂಗುವುದನ್ನು ಕಣ್ಣಾರೆ ಕಾಣುವುದು ಬೇರೆ.

ಈಗ ಪ್ರವೇಶದ ಹಕ್ಕಿನ ಮಾತಿಗೆ ಬರೋಣ. ಕಾರ್ನ್‌ವಾಲಿನ ಅಂಚಿನುದ್ದಕ್ಕೂ ಒಂದು ಕಾಲುದಾರಿಯುಂಟು. ಕಳ್ಳಸಾಗಣೆಯ ದೋಣಿಗಳನ್ನು ಹಿಡಿಯಲು ಪ್ರತಿಯೊಂದು ಕೊಲ್ಲಿಯನ್ನೂ ಬಗ್ಗಿ ನೋಡುತ್ತ ನಡೆಯುತ್ತಿದ್ದ ಕಡಲ ಕಾವಲುಗಾರರು ತುಳಿದು ಮಾಡಿದ ದಾರಿ ಅದು. ೧೯೪೯ರ ಶಾಸನವು ಇಂಥ ದೂರದ ಕಾಲುದಾರಿಗಳಿಗೆ ಅಧಿಕೃತವಾದ ಸ್ಥಾನವನ್ನು ಕೊಟ್ಟಿತು. ೧೯೭೦ರ ದಶಕದಲ್ಲಿ ತುಂಡು ತುಂಡಾಗಿ ತೆರೆದು ಪೂರ್ತಿಯಾದ ಈ ನೈರುತ್ಯ ಕರಾವಳಿಯ ದಾರಿ ಸುಮಾರು ೬೩೦ ಮೈಲಿ ಉದ್ದವಿದೆ; ಬೊಟಾಲಕ್, ಲೆವಂಟ್‌ಗಳ ಬಳಿಯಲ್ಲೇ ಹಾಯುತ್ತದೆ. ನಡೆಯುವವನು ಯಾರ ಅಪ್ಪಣೆಯನ್ನೂ ಕೇಳಬೇಕಾದದ್ದಿಲ್ಲ, ಕಾಸನ್ನೂ ಕೊಡಬೇಕಾದದ್ದಿಲ್ಲ. ೨೦೦೦ದ ಶಾಸನವು ಬೆಟ್ಟ, ಬಯಲು, ಗೋಮಾಳಗಳಲ್ಲಿ ದಾರಿಯನ್ನು ಬಿಟ್ಟು ಅಡ್ಡಾಡುವ ಹಕ್ಕನ್ನೂ, ೨೦೦೯ರ ಶಾಸನವು ಇಂಗ್ಲೆಂಡಿನ ಕಡಲಂಚಿನ ಸುತ್ತಲೂ ದಾರಿಯನ್ನೂ ದಾರಿಗೂ ನೀರಿಗೂ ನಡುವಣ ಅಂಚನ್ನೂ ಜನರಿಗೆ ತೆರೆಯುವ ಏರ್ಪಾಟನ್ನೂ ಮಾಡಿದವು.

ಹಕ್ಕು ಕೊಟ್ಟರೆ ಸಾಲದು, ಹೊಣೆಯನ್ನೂ ಹಂಚಬೇಕು. ಬಂದವನು ಬಿದ್ದರೆಲ್ಲ ನೆಲದ ಒಡೆಯನೇ ಪರಿಹಾರ ಕೊಡಬೇಕೆಂದು ಕಾನೂನು ಹೇಳಿದರೆ, ಒಡೆಯನು ಮಾಡುವ ಮೊದಲನೆಯ ಕೆಲಸ ಮುಳ್ಳುತಂತಿ ಬಿಗಿಯುವುದು. ಅದಕ್ಕಾಗಿಯೇ ೨೦೦೯ರ ಶಾಸನದಲ್ಲಿ ಒಂದು ಜಾಣತನವುಂಟು. ಅದಕ್ಕೆ ಹಿಂದೆ, ತೆರೆದ ಬಯಲಿನಲ್ಲಿ ಅಡ್ಡಾಡುವವನಿಗೆ ಪ್ರಕೃತಿಸಹಜವಾದ ಬಂಡೆ ಕಮರಿಗಳಿಂದ ಬರುವ ಅಪಾಯಕ್ಕೆ ಒಡೆಯನು ಹೊಣೆಯಲ್ಲವೆಂದಿತ್ತು. ಕಡಲಂಚಿಗಾಗಿ ನಿಗದಿಯಾದ ನೆಲದಲ್ಲಾದರೋ ಇನ್ನೂ ಮುಂದಕ್ಕೆ ಹೋಗಿ, ಅಲ್ಲಿರುವ ಯಾವ ಭೌತಿಕ ವಸ್ತುವಿನಿಂದ ಅಪಾಯವಾದರೂ, ಅದು ಪ್ರಕೃತಿಯದಾಗಲಿ ಮನುಷ್ಯನು ಮಾಡಿದ್ದಾಗಲಿ, ಒಡೆಯನು ಬೇಕೆಂದೋ ಏನಾದರಾಗಲಿ ಎಂಬ ಉಡಾಫೆಯಿಂದಲೋ ಅಪಾಯವನ್ನು ತಂದೊಡ್ಡದಿದ್ದರೆ, ಹೊಣೆಯಿಲ್ಲವೆಂದು ವಿಧಿಸಿತು. ಹಾಳು ಗೋಡೆಗಳ ಮಟ್ಟಿಗೆ ಈ ಮಾತಿನ ಮಹತ್ವ ಎಷ್ಟೆಂಬುದನ್ನು ನೀವೇ ಊಹಿಸಬಹುದು.

ಇದಕ್ಕೂ ಮೊದಲು, ೨೦೦೩ರಲ್ಲಿ, ಇಂಗ್ಲೆಂಡಿನ ಪರಮೋಚ್ಚ ನ್ಯಾಯಪೀಠವಾಗಿದ್ದ ಪ್ರಭುಸಭೆಯ ಮುಂದೆ ಕಾಂಗಲ್ಟನ್ ಎಂಬ ಪುರಸಭೆಯ ಮೇಲಿನ ಒಂದು ವ್ಯಾಜ್ಯ ಬಂದಿತ್ತು. ಮರಳು ತೆಗೆದು ಬಿಟ್ಟ ಹಳ್ಳವೊಂದು ಕೆರೆಯಾಗಿ ಸುತ್ತಲೂ ಉದ್ಯಾನವಾಗಿತ್ತು. ಎಚ್ಚರಿಕೆಯ ಹಲಗೆಯನ್ನು ಲೆಕ್ಕಿಸದೆ ಆಳವಿಲ್ಲದ ನೀರಿಗೆ ಧುಮುಕಿದ ಒಬ್ಬ ಯುವಕನು ಕತ್ತಿನ ಎಲುಬು ಮುರಿದುಕೊಂಡು, ದೇಹದ ಸ್ವಾಧೀನವನ್ನೇ ಕಳೆದುಕೊಂಡನು. ಇಂಥ ಅಪಾಯವನ್ನು ತಪ್ಪಿಸಲು ಪುರಸಭೆಯವರು ಮರಳದಂಡೆಯನ್ನೇ ಮುಚ್ಚಿ ಗಿಡ ನೆಡಬೇಕೆಂದು ಯೋಚಿಸಿದ್ದೂ ಉಂಟು. ಅದರಿಂದಲೇ, ಅಪಾಯವು ಅವರಿಗೆ ತಿಳಿದಿತ್ತಲ್ಲ, ಏಕೆ ಮುಚ್ಚಲಿಲ್ಲ, ಎಂದು ವಾದವೆದ್ದಿತು. ನ್ಯಾಯಪೀಠವು ವಾದವನ್ನು ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಅಪಾಯಕ್ಕೆ ತಾನಾಗಿ ಮೈಯೊಡ್ಡಿದ ಒಬ್ಬನಿಗಾಗಿ, ತಣ್ಣಗೆ ದಂಡೆಯಲ್ಲಿ ಕೂತು ಹೋಗುವ ನೂರಾರು ಸಂಸಾರಗಳ ಸಂತೋಷವನ್ನು ಕಿತ್ತುಕೊಳ್ಳುವ ಕರ್ತವ್ಯ ಯಾರಿಗೂ ಇಲ್ಲವೆಂಬುದು ತೀರ್ಪಿನ ತಾತ್ಪರ್ಯ. ಆ ಯುವಕನ ದುರ್ದೆಶೆಯನ್ನು ನೆನೆದರೆ ತೀರ್ಪು ಕಠಿಣವೆನಿಸುತ್ತದೆ. ಆದರೂ ನನಗೆ ಅದು ಸರಿಯೆಂದೇ ತೋರುತ್ತದೆ.

ಕಾಣುವ ಅಪಾಯದ ಮಾತು ಹೀಗಾಯಿತು. ಕಾಣದ ಅಪಾಯದ ಮಾತೇ ಬೇರೆ. ಬಂಡೆಯ ಅಂಚು ಎಲ್ಲರಿಗೂ ಕಾಣುತ್ತದೆ. ಹುಲ್ಲು ಮುಚ್ಚಿದ ಶಾಫ್ಟು ಕಾಣುವುದಿಲ್ಲ. ಬಿಟ್ಟುಹೋದ ಗಣಿಯ ಶಾಫ್ಟಿಗೆ ಆವರಣ ಹಾಕತಕ್ಕದ್ದೆಂದು ೧೮೭೨ರ ಗಣಿಶಾಸನವೇ ವಿಧಿಸಿತ್ತು. ಈ ಬಯಲುಗಳಲ್ಲಿ ಅಲ್ಲಲ್ಲಿ ಕಾಣುವ ದುಂಡನೆಯ ಕಲ್ಲುಗೋಡೆಗಳು ಆ ಬಗೆಯ ಆವರಣಗಳು. ಆದರೆ ಶಾಸನಕ್ಕಿಂತ ಹಳೆಯ ಶಾಫ್ಟುಗಳು ಎಷ್ಟೋ ಇದ್ದುವು; ಮರದ ಹಲಗೆ ಹಾಸಿ ಮೇಲೆ ಮಣ್ಣು ಮುಚ್ಚಿ ಬಿಟ್ಟವು ಕೆಲವು, ಹಲಗೆ ಕೊಳೆತಾಗ ಕುಸಿಯತಕ್ಕವು. ಕಾಂಕ್ರೀಟಿನ ಬಿರಡೆ ಹಾಕಿ ಮುಚ್ಚಿಬಿಡಬಹುದಲ್ಲ ಎಂದರೆ, ಒಳಗೆ ಬಾಡಿಗೆಯಿಲ್ಲದ ನಿವಾಸಿಗಳಿದ್ದಾರೆ. ಮೂಗಿನ ಮೇಲೆ ಕುದುರೆಯ ಲಾಳದಂಥ ತೊಗಲಿರುವ ಒಂದು ಜಾತಿಯ ಬಾವಲಿ ಆ ದೇಶದಲ್ಲಿ ಬಹು ವಿರಳವಾದದ್ದು. ಹಾಳು ಗಣಿಗಳಲ್ಲಿ ಅದು ಚಳಿಗಾಲವನ್ನು ಕಳೆಯುತ್ತದೆ. ಅದಕ್ಕೆ ಕೇಡು ಮಾಡುವುದು ಕಾನೂನಿನಂತೆ ಅಪರಾಧ. ಆದ್ದರಿಂದ ಶಾಫ್ಟಿನ ಬಾಯಿಗೆ ಉಕ್ಕಿನ ಕಂಬಿಗಳ ಜಾಲರಿಯನ್ನು ಗೋಪುರದಂತೆ ಕೂರಿಸುತ್ತಾರೆ. ಮನುಷ್ಯ ಬೀಳುವಂತಿಲ್ಲ, ಬಾವಲಿ ಹಾರಿಹೋಗಬಹುದು, ಇಣುಕಿದವನಿಗೆ ಆಳವೂ ಕಾಣುತ್ತದೆ. ಮೂರು ಪ್ರಯೋಜನಗಳನ್ನು ಒಂದೇ ಕಬ್ಬಿಣದ ಬುಟ್ಟಿಯಲ್ಲಿ ಕಟ್ಟಿದಂತಾಯಿತು.

ವಿಷದ ಸಂಗತಿಯೂ ಒಂದುಂಟು. ತವರದ ಅದುರಿನ ಜೊತೆಯಲ್ಲಿ ಪಾಷಾಣ ಬೆರೆತು ಬರುತ್ತಿತ್ತು. ಅದುರನ್ನು ಹುರಿದಾಗ ಏಳುವ ಪಾಷಾಣದ ಹೊಗೆಯನ್ನು ಚಕ್ರವ್ಯೂಹದಂತೆ ಸುತ್ತುವ ಕೋಣೆಗಳಲ್ಲಿ ಹಾಯಿಸಿದರೆ, ತಣಿದು ಗೋಡೆಗೆ ಬಿಳಿಯ ಹರಳಾಗಿ ಅಂಟಿಕೊಳ್ಳುತ್ತಿತ್ತು. ಮೂಗಿಗೆ ಹತ್ತಿ ತುರುಕಿಕೊಂಡು, ಮೈಗೆ ಜೇಡಿ ಬಳಿದುಕೊಂಡು ಕೆಲಸದವರು ಅದನ್ನು ಕೆರೆದು ತೆಗೆಯುತ್ತಿದ್ದರು. ಹೀಗೆ ಸಿಕ್ಕಿದ ಪಾಷಾಣ ಅಮೆರಿಕದ ಹತ್ತಿಯ ಹೊಲಗಳ ಹುಳುಗಳನ್ನು ಕೊಲ್ಲಲು ಹೋಗುತ್ತಿತ್ತು. ಬೊಟಾಲಕ್ಕಿನಲ್ಲಿ ಆ ಸುತ್ತುಕೋಣೆಗಳ ಹಾಳು ಇಂದಿಗೂ ದಾರಿಯ ಪಕ್ಕದಲ್ಲಿದೆ. ಇಂಥ ಗಣಿಗಳ ಸುತ್ತಣ ಮಣ್ಣಿನಲ್ಲಿ ಪಾಷಾಣವೂ ತಾಮ್ರವೂ ಈಗಲೂ ಉಳಿದಿರುವುದರಿಂದ ಎಷ್ಟೋ ಕಡೆ ಹುಲ್ಲು ಸಹ ಬೆಳೆಯದು. ಈ ಮಣ್ಣನ್ನು ಬಾಚಿ ಬೇರೆಡೆ ಹಾಕಿ ನೆಲವನ್ನು ಶುದ್ಧಮಾಡಬಾರದೇಕೆ ಎಂದು ಕೇಳುವವರಿಗೆ ಸಸ್ಯಶಾಸ್ತ್ರಜ್ಞರು ಬೇರೆಯೇ ಉತ್ತರ ಕೊಡುತ್ತಾರೆ. ಕಾರ್ನ್‌ವಾಲಿನ ತಾಮ್ರದ ಗಣಿಗಳ ಬರಡು ನೆಲದಲ್ಲಿ, ಬೇರೆ ಗಿಡ ಬಾಳಲಾರದ ಕಡೆ, ಒಂದು ಸಣ್ಣ ಹಾವಸೆ ಬೆಳೆಯುತ್ತದೆ. ೧೯೬೦ರ ದಶಕದಲ್ಲಿ ಪತ್ತೆಯಾದ ಅದಕ್ಕೆ ಆ ಸೀಮೆಯ ಹೆಸರನ್ನೇ ಇಟ್ಟಿದ್ದಾರೆ. ಲೋಕದಲ್ಲಿ ಅದರ ನೆಲೆಗಳನ್ನು ಬೆರಳಿನಲ್ಲಿ ಎಣಿಸಬಹುದು. ಮನುಷ್ಯನು ಹಾಳುಮಾಡಿದ ನೆಲವನ್ನು ಹಾಳಾಗಿಯೇ ಇಡಬೇಕೆಂದು ಶಾಸನ ಮಾಡುವ ಕಾಲ ಬಂದಿತು! ಆ ಹಾವಸೆಗೆ ಆಗಾಗ್ಗೆ ಜನರ ಕಾಲ್ತುಳಿತವೂ ಸ್ವಲ್ಪ ಬೇಕು. ತುಳಿಯದಿದ್ದರೆ ದೊಡ್ಡ ಗಿಡಗಳು ಬಂದು ಮುಚ್ಚಿಬಿಡುತ್ತವೆ. ಅತಿಯಾಗಿ ತುಳಿದರೆ ಅದೇ ಸಾಯುತ್ತದೆ.

ಹಾವಸೆಗಿಂತ ಜನಪ್ರಿಯವಾದ ಇನ್ನೊಂದು ಪ್ರಾಣಿಯುಂಟು. ಚಫ್ ಎಂಬ ಕೆಂಪು ಕೊಕ್ಕು ಕೆಂಪು ಕಾಲಿನ ಕಾಗೆ ಕಾರ್ನ್‌ವಾಲಿನ ಲಾಂಛನದ ಪಕ್ಷಿ. ಪ್ರಾಂತದ ಬಿರುದುಪಟದಲ್ಲಿ ಒಂದು ಕಡೆ ಬೆಸ್ತನೂ ಮತ್ತೊಂದು ಕಡೆ ಗಣಿಗಾರನೂ ನಿಂತಿದ್ದಾರೆ. ಮೇಲೆ ಈ ಕಾಗೆ. ಬಿರುದಿನಲ್ಲಿ ಉಳಿದು ಬಂಡೆಗಳಲ್ಲಿ ಅಳಿದುಹೋಗಿದ್ದ ಈ ಪಕ್ಷಿ ೨೦೦೧ರಲ್ಲಿ ತಾನಾಗಿಯೇ ಮರಳಿ ಬಂದಿತು. ಈಗ ಈ ಗಣಿಗಳಿರುವ ಬಂಡೆಗಳಲ್ಲಿಯೂ ಹಾರಾಡುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಜನ ಹತ್ತಿರ ಹೋಗಬಾರದು. ಆದ್ದರಿಂದ ನಡೆಯುವ ಹಕ್ಕು, ಕಟ್ಟಡದ ರಕ್ಷಣೆ, ಪ್ರಾಣಿಯ ರಕ್ಷಣೆ ಇವು ಮೂರು ಬೇರೆ ಬೇರೆ ಶಾಸನಗಳಾದರೂ ನೆಲ ಒಂದೇ ಆದಕಾರಣ, ಅಲ್ಲಿಯ ಕಾವಲುಗಾರನಿಗೆ ಒಂದು ಬೇಲಿಯ ಗೂಟ ನೆಡುವುದಕ್ಕೂ ಮೂರು ಸಲ ಯೋಚನೆ ಮಾಡಬೇಕಾಗುತ್ತದೆ.

ಗೋಡೆಗಳನ್ನು ರಿಪೇರಿ ಮಾಡುವ ಕ್ರಮದಲ್ಲಿಯೂ ಒಂದು ವಿವೇಕವಿದೆ. ಸೇಂಟ್ ಆಗ್ನೆಸ್ ಎಂಬಲ್ಲಿ ಬಂಡೆಯ ಮಗ್ಗುಲಲ್ಲಿ ನಿಂತ ಟವನ್‌ರಾತ್ ಎಂಬ ಎಂಜಿನ್ ಮನೆ ೧೮೭೨ರದು. ಅದನ್ನು ಟ್ರಸ್ಟಿನವರು ೧೯೭೦ರ ದಶಕದಲ್ಲಿ ಭದ್ರಪಡಿಸಿದರು. ಹೊಸ ಸೂರು ಹಾಕಲಿಲ್ಲ, ಕಿಟಕಿ ಜೋಡಿಸಲಿಲ್ಲ. ಸಡಿಲವಾದ ಕಲ್ಲನ್ನು ಬಿಗಿಮಾಡಿ ಬಿಟ್ಟರು. ಹಾಳನ್ನು ಹಾಳಾಗಿಯೇ ಕಾಯುವುದು ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟ. ನಮ್ಮಲ್ಲಿ ಜೀರ್ಣೋದ್ಧಾರವೆಂದರೆ ಸುಣ್ಣ ಬಳಿಯುವುದೆಂದು ತಿಳಿದವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

ಹಣದ ಪ್ರಶ್ನೆಯನ್ನೂ ಬಿಡುವಂತಿಲ್ಲ. ದಾರಿ ಪುಕ್ಕಟೆ, ಲೆವಂಟಿನ ಯಂತ್ರವನ್ನು ನೋಡಲು ಟಿಕೇಟು. ನೆರೆಯ ಗೀವರ್ ಗಣಿಯಲ್ಲಿಯೂ ಹಾಗೆಯೇ. ೧೯೮೫ರಲ್ಲಿ ತವರದ ಬೆಲೆ ಒಮ್ಮೆಗೇ ಬಿದ್ದುಹೋಗಿ ಅಲ್ಲಿಂದ ಐದು ವರ್ಷದಲ್ಲಿ ಆ ಗಣಿ ಮುಚ್ಚಿತು. ಪ್ರಾಂತದ ಕೌನ್ಸಿಲು ಅದನ್ನು ಕೊಂಡು ೧೯೯೩ರಲ್ಲಿ ವಸ್ತುಸಂಗ್ರಹಶಾಲೆಯಾಗಿ ತೆರೆಯಿತು. ಅಲ್ಲಿ ದುಡಿದ ಗಣಿಗಾರರೇ ಬಂದವರಿಗೆ ಗಣಿಯನ್ನು ತೋರಿಸುವವರಾದರು. ಟಿಕೇಟು ಕೊಂಡವನ ವಿಷಯದಲ್ಲಿ ಒಡೆಯನ ಹೊಣೆ ಹೆಚ್ಚು. ಆದ್ದರಿಂದ ಕೈಪಿಡಿ, ದೀಪ, ತಲೆಗೆ ಟೋಪಿ ಎಲ್ಲವೂ ಬೇಕು. ಬಯಲಿನಲ್ಲಿ ನಡೆಯುವವನಿಗೆ ಅವನ ಕಣ್ಣೂ ಕಾಲೂ ಕಾವಲು. ಒಂದೇ ಗಣಿಸೀಮೆಯಲ್ಲಿ ಹೀಗೆ ಎರಡು ಬಗೆಯ ಪ್ರವೇಶವಿರುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ನನ್ನ ಮಟ್ಟಿಗೆ ಇದೇ ಸರಿಯಾದ ವ್ಯವಸ್ಥೆ: ಯಂತ್ರಕ್ಕೆ ಎಣ್ಣೆ ಬೇಕು, ಎಣ್ಣೆಗೆ ಕಾಸು ಬೇಕು, ಸಮುದ್ರದ ಎದುರಿಗೆ ನಿಂತ ಗೋಡೆಯನ್ನು ನೋಡುವುದಕ್ಕೆ ಕಾಸು ಕೇಳುವುದು ಅನ್ಯಾಯ. ಆ ಗಣಿಗಾರರ ಮೊಮ್ಮಕ್ಕಳು ಸುತ್ತಣ ಹಳ್ಳಿಗಳಲ್ಲೇ ಇದ್ದಾರೆ. ತಮ್ಮ ಅಜ್ಜ ಇಳಿದ ಶಾಫ್ಟಿನ ಬಾಯಿಗೆ ಹೋಗಲು ಅವರು ಬಾಗಿಲಲ್ಲಿ ಸಾಲು ನಿಲ್ಲಬೇಕೆ?

ಲೆವಂಟಿನಲ್ಲಿ ಅಂಥ ಒಂದು ಬಾಯಿಯುಂಟು. ಗಣಿಗಾರರು ನೂರಾರು ಮಾರು ಆಳಕ್ಕೆ ಏಣಿಯಲ್ಲಿ ಇಳಿದು ಹತ್ತಿ ಸೋತುಹೋಗುತ್ತಿದ್ದುದರಿಂದ, ೧೮೫೭ರಲ್ಲಿ 'ಮನುಷ್ಯ ಎಂಜಿನ್' ಎಂಬ ಸಾಧನವನ್ನು ಹೂಡಿದರು. ಶಾಫ್ಟಿನುದ್ದಕ್ಕೂ ಇಳಿಬಿಟ್ಟ ಮರದ ದಂಡವನ್ನು ಯಂತ್ರವು ಹನ್ನೆರಡು ಅಡಿ ಮೇಲಕ್ಕೂ ಹನ್ನೆರಡು ಅಡಿ ಕೆಳಕ್ಕೂ ಆಡಿಸುತ್ತದೆ. ದಂಡದಲ್ಲಿ ಹನ್ನೆರಡು ಅಡಿಗೊಂದು ಮೆಟ್ಟಲು. ಪಕ್ಕದ ಗೋಡೆಯಲ್ಲಿ ಅದೇ ಅಂತರಕ್ಕೆ ಒಂದು ಜಗಲಿ. ದಂಡ ಏರುವಾಗ ಅದರ ಮೆಟ್ಟಲ ಮೇಲೆ ನಿಲ್ಲುವುದು, ಅದು ನಿಂತ ಕ್ಷಣದಲ್ಲಿ ಜಗಲಿಗೆ ದಾಟುವುದು, ಮತ್ತೆ ಮುಂದಿನ ಮೆಟ್ಟಲು ಬಂದಾಗ ಹತ್ತುವುದು. ಹೀಗೆ ಮೇಲಕ್ಕೆ ಬರುತ್ತಿದ್ದರು. ೧೯೧೯ನೆಯ ಅಕ್ಟೋಬರ್ ೨೦ರಂದು, ಕೆಲಸ ಮುಗಿಸಿ ನೂರಕ್ಕೂ ಹೆಚ್ಚು ಜನ ದಂಡದ ಮೇಲೆ ಏರಿ ಬರುತ್ತಿದ್ದಾಗ, ದಂಡವನ್ನು ತೊಲೆಗೆ ಕೂಡಿಸಿದ್ದ ಕಬ್ಬಿಣದ ಕೊಂಡಿ ಮುರಿಯಿತು. ಮೂವತ್ತೊಂದು ಜನ ಸತ್ತರು. ಆ ಸಾಧನವನ್ನು ಮತ್ತೆ ಹೂಡಲಿಲ್ಲ.

ಬೊಟಾಲಕ್ಕಿನ ದಕ್ಷಿಣಕ್ಕೆ ವೀಲ್ ಔಲ್ಸ್ ಎಂಬ ಇನ್ನೊಂದು ಹಾಳುಗಣಿಯಿದೆ. 'ವೀಲ್' ಎಂದರೆ ಅವರ ಹಳೆಯ ಭಾಷೆಯಲ್ಲಿ ಕೆಲಸದ ಸ್ಥಳ, ಗಣಿ. ೨೦೧೫ರಿಂದ ೨೦೧೯ರವರೆಗೆ ಬಿ.ಬಿ.ಸಿ.ಯವರು ದೂರದರ್ಶನದಲ್ಲಿ ತೋರಿಸಿದ 'ಪೋಲ್ಡಾರ್ಕ್' ಎಂಬ ಕಥಾಮಾಲೆಯಲ್ಲಿ ಇದಕ್ಕೆ ನಾಯಕನ ಗಣಿಯ ವೇಷ ಹಾಕಿದ್ದರು. ಅದನ್ನು ಕಂಡು ಮೆಚ್ಚಿದ ಜನ ಮೋಟಾರುಗಳಲ್ಲಿ ಬಂದು, ಗೋಡೆಗೆ ಒರಗಿ ಪಟ ತೆಗೆಸಿಕೊಂಡು ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಗೋಡೆಯ ಕೆಳಗಿನ ಕಥೆ ಕಟ್ಟುಕಥೆಯಲ್ಲ. ಪಕ್ಕದಲ್ಲಿ ವೀಲ್ ಡ್ರೇಯ ಎಂಬ ಗಣಿ, ಬಿಟ್ಟು ಬಹುಕಾಲವಾಗಿ ನೀರು ತುಂಬಿತ್ತು. ಗಣಿಯ ನಕ್ಷೆಗಳನ್ನು ದಿಕ್ಸೂಚಿಯ ಮುಳ್ಳನ್ನು ನೋಡಿ ಬರೆಯುತ್ತಿದ್ದರಷ್ಟೆ. ಆ ಮುಳ್ಳು ತೋರಿಸುವ ಉತ್ತರವು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತದೆ. ಹಳೆಯ ನಕ್ಷೆಗೂ ಹೊಸ ನಕ್ಷೆಗೂ ನಡುವಣ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಾಗದದ ಮೇಲೆ ದೂರವಿದ್ದ ನೀರು ನೆಲದೊಳಗೆ ಹತ್ತಿರವಿತ್ತು. ೧೮೯೩ನೆಯ ಜನವರಿ ೧೦ರಂದು ಗಣಿಗಾರರು ಕೊನೆಯ ಬಂಡೆಯನ್ನು ಒಡೆದರು. ನೀರಿನ ಮುಂದೆ ನುಗ್ಗಿದ ಗಾಳಿಗೆ ಮೇಣದ ಬತ್ತಿಗಳು ಆರಿಹೋದವು. ಒಳಗಿದ್ದ ಸುಮಾರು ನಲವತ್ತು ಜನರಲ್ಲಿ ಅರ್ಧದಷ್ಟು ಮಂದಿ ಕತ್ತಲೆಯಲ್ಲಿ ಏಣಿಗಳನ್ನು ತಡವಿಕೊಂಡು ಮೇಲೆ ಬಂದರು. ಹತ್ತೊಂಬತ್ತು ಜನ ಗಂಡಸರೂ ಒಬ್ಬ ಹುಡುಗನೂ ಬರಲಿಲ್ಲ. ಗಣಿಯನ್ನು ಮತ್ತೆ ತೆರೆಯಲಿಲ್ಲ. ದೇಹಗಳನ್ನು ಮೇಲೆ ತರಲಾಗಲಿಲ್ಲ. ಅವು ಇಂದಿಗೂ ಅಲ್ಲಿಯೇ, ನಡೆಯುವವರ ಕಾಲುದಾರಿಯ ಕೆಳಗಿನ ನೀರಿನಲ್ಲಿವೆ.